ಹಿಡಿಯ ಮೇಲಿನ ಹೆಬ್ಬೆರಳು

"ಇನ್ನೊಂದ್ಸಲ ಒತ್ತಿ," ಎಂದೆ. "ಈ ಸಲ ಉರುಳಿಸಿ. ಉಗುರಿನ ಈ ಅಂಚಿಂದ ಆ ಅಂಚಿಗೆ."

ಕ್ಯುರೇಟರ್ ಸಾಹೇಬರು ಹೆಬ್ಬೆರಳನ್ನು ಶಾಯಿ ಪ್ಯಾಡಿನ ಮೇಲೆ ಉರುಳಿಸಿ ಬಿಳಿ ಕಾರ್ಡಿಗೆ ಒತ್ತಿದರು. ಹಲ್ಲು ಕೀಳಿಸಿಕೊಳ್ಳಲು ಕೂತವರ ಹಾಗಿತ್ತು ಮುಖ.

ಮ್ಯೂಸಿಯಮ್ಮಿನ ನೆಲಮಾಳಿಗೆಯ ಉಗ್ರಾಣ ಅದು. ಎತ್ತರದಲ್ಲಿ ಒಂದೇ ಕಿಟಕಿ. ಅಲ್ಲಿಂದ ಇಳಿದ ಬೆಳಗಿನ ಬಿಸಿಲಿನಲ್ಲಿ ದೂಳಿನ ಕಣಗಳು ಯಾವ ಆತುರವೂ ಇಲ್ಲದೆ ತೇಲುತ್ತಿದ್ದವು. ಗೋಡೆಯುದ್ದಕ್ಕೂ ಮರದ ಸೆಳೆಖಾನೆಗಳು, ಅವುಗಳ ತುಂಬ ಸಾವಿರಾರು ವರ್ಷಗಳಿಂದ ನಿದ್ದೆ ಹೋಗಿರುವ ಮಡಕೆ ಚೂರುಗಳು. ಅಲ್ಲಿ ಗಟ್ಟಿಯಾಗಿ ಮಾತಾಡಲು ನನಗೆ ಯಾವತ್ತೂ ಬಾಯಿ ಬಂದಿಲ್ಲ.

"ನನ್ನ ಬೆರಳು ಯಾಕೆ ಅಂತ ಮೂರು ಸಲ ಕೇಳಿದೆ ಮೇಡಂ. ನೀವು ಹೇಳ್ಲೇ ಇಲ್ಲ."

"ಹನ್ನೊಂದನೇ ಹಿಡಿ ಸಿಕ್ಕಾಗ ಅಲ್ಲಿದ್ದೋರೆಲ್ಲರದ್ದೂ ಬೇಕು. ನಿನ್ನೆ ದೊಡ್ಡಮ್ಮನದ್ದೂ ತಗೊಂಡೆ."

"ಪ್ರೊಫೆಸರದ್ದೂ?" ಅವರಿಗೆ ನಿಜವಾಗಿ ನೋವಾದಂತಿತ್ತು. "ಅವರು ಕೊಟ್ರಾ?"

"ಹತ್ತೂ ಬೆರಳು ಕೊಟ್ಟಳು. ಕಾಲಿನದ್ದೂ ಬೇಕೇನೇ ಅಂತ ಕೇಳಿದಳು."

ಕ್ಯುರೇಟರ್ ನಗಲಿಲ್ಲ. ದೊಡ್ಡಮ್ಮನ ಕೈಕೆಳಗೆ ಕಲಿತವರು ಯಾರೂ ಅವಳ ವಿಷಯದಲ್ಲಿ ನಗುವುದಿಲ್ಲ. ನಗುವ ಹಕ್ಕು ಅವಳೊಬ್ಬಳದೇ ಎಂದು ನಂಬಿದ ಜನ ಅವರು.

ಎರಡು ವಾರದ ಹಿಂದೆ ಮ್ಯೂಸಿಯಂ ಸಮಿತಿಗೆ ಬಂದ ಹೆಸರಿಲ್ಲದ ಕಾಗದದಲ್ಲಿ ಇದ್ದದ್ದು ಎರಡೇ ಸಾಲು: 'ಹನ್ನೊಂದನೆಯ ಹಿಡಿಯ ಮೇಲಿನ ಬೆರಳ ಗುರುತು ಪ್ರಾಚೀನವಲ್ಲ. ಆ ಬೆರಳಿನವರು ಬದುಕಿದ್ದಾರೆ.' ಪೊಲೀಸ್ ಇಲಾಖೆಯ ಬೆರಳಚ್ಚು ಘಟಕದಲ್ಲಿ ನಾನು ಹದಿನೆಂಟು ವರ್ಷದಿಂದ ಇದ್ದೇನೆ. ಸಂಬಂಧಿಕಳಿಗೆ ಈ ಕೆಲಸ ಕೊಡಬಾರದು ಎಂದು ಸಮಿತಿಯವರೇ ಹೇಳಿದರು, ನಾನೂ ಹೇಳಿದೆ. ದೊಡ್ಡಮ್ಮ ಮಾತ್ರ ಪಟ್ಟು ಬಿಡಲಿಲ್ಲ. "ಅವಳೇ ನೋಡ್ಲಿ. ಬೇಕಿದ್ರೆ ಅವಳು ನೋಡಿದ್ದನ್ನ ಇನ್ನೊಬ್ರು ನೋಡ್ಲಿ," ಎಂದಳಂತೆ. ಸೋಮವಾರ ಬೆಳಗ್ಗೆ ನನ್ನ ವರದಿ ಸಮಿತಿಯ ಮೇಜಿನ ಮೇಲಿರಬೇಕು. ಇವತ್ತು ಶುಕ್ರವಾರ.

ಕಾರ್ಡನ್ನು ಭೂತಗನ್ನಡಿಯ ಕೆಳಗೆ ಇಟ್ಟೆ. ಪಕ್ಕದಲ್ಲಿ ಹಿಡಿ.

ಹಿಡಿ ಎಂದರೆ ನನ್ನ ಕಿರುಬೆರಳಿಗಿಂತ ಸ್ವಲ್ಪ ಉದ್ದದ, ಬಿಲ್ಲಿನಂತೆ ಬಾಗಿದ ಕೆಂಪು ಮಣ್ಣಿನ ತುಂಡು. ಎರಡು ಹಿಡಿಯ ಸಣ್ಣ ಜಾಡಿಯದು. ಮೇಲ್ತುದಿಯಲ್ಲಿ, ಹಿಡಿಯನ್ನು ಜಾಡಿಯ ಕೊರಳಿಗೆ ಅಂಟಿಸಲು ಯಾರೋ ಹಸಿ ಮಣ್ಣನ್ನು ಒತ್ತಿದ ಜಾಗದಲ್ಲಿ, ಒಂದು ಹೆಬ್ಬೆರಳು ಉಳಿದುಕೊಂಡಿದೆ. ದೀಪವನ್ನು ಪಕ್ಕಕ್ಕೆ ಬಾಗಿಸಿದರೆ ಗೆರೆಗಳು ಒಂದೊಂದಾಗಿ ಏಳುತ್ತವೆ. ನಡುವೆ ಬಿಗಿಯಾದ ಸುಳಿ, ಸುಳಿಯ ಬಲಕ್ಕೆ ಯಾವ ಗೆರೆಗೂ ಸೇರದ ಎರಡು ಪುಟ್ಟ ತುಣುಕು. ಶಾಯಿಯಲ್ಲಿ ಬೆರಳಿನ ಉಬ್ಬು ಕಪ್ಪಾಗಿ ಮೂಡಿದರೆ ಮಣ್ಣಿನಲ್ಲಿ ಅದೇ ಉಬ್ಬು ಹಳ್ಳವಾಗಿ ಕೂರುತ್ತದೆ. ಅಷ್ಟು ಗೊತ್ತಿದ್ದರೆ ಓದುವುದು ಕಷ್ಟವಲ್ಲ.

ಕ್ಯುರೇಟರದ್ದು ಸುಳಿಯೇ ಅಲ್ಲ. ಬಿಲ್ಲಿನಂಥ ಗೆರೆಗಳು.

"ನಿಮ್ಮದಲ್ಲ," ಎಂದೆ.

ಅವರು ಉಸಿರು ಬಿಟ್ಟದ್ದು ಕೇಳಿಸಿತು. "ನನ್ನದಲ್ಲ ಅಂತ ನನಗೇ ಗೊತ್ತಿತ್ತು. ಆದ್ರೂ ನೋಡಿ, ಎದೆ ಹೊಡ್ಕೊಳ್ತಾ ಇದೆ."

"ಮಣ್ಣು ಎಷ್ಟು ವರ್ಷದ ಹಿಂದೆ ಸುಟ್ಟದ್ದು ಅಂತ ಹೇಳೋ ಪರೀಕ್ಷೆ ಇದೆಯಲ್ಲ? ಅದನ್ನ ಮಾಡಿಸಿದ್ರೆ ಎಲ್ಲಾ ಒಂದೇ ಏಟಿಗೆ ಮುಗಿಯುತ್ತೆ."

"ಅದಕ್ಕೆ ಹಿಡಿ ಕೊರೀಬೇಕು. ಫಲಿತಾಂಶ ಬರೋಕೆ ಮೂರು ತಿಂಗಳು. ಸಮಿತಿ ಮೂರು ತಿಂಗಳು ಬಾಯಿ ಮುಚ್ಕೊಂಡು ಇರುತ್ತೆ ಅಂದ್ಕೊಂಡ್ರಾ? ಅಷ್ಟು ಹೊತ್ತಿಗೆ ಪ್ರೊಫೆಸರ್ ಹೆಸರು ಬೀದಿಗೆ ಬಂದಿರುತ್ತೆ."

ಅದು ನಿಜ. ಮಹಡಿ ಮೇಲೆ ಹೊಸ ಗ್ಯಾಲರಿಗೆ ಬಣ್ಣ ಹೊಡೆಯುತ್ತಿದ್ದರು. ಬಾಗಿಲ ಮೇಲೆ ದೊಡ್ಡಮ್ಮನ ಹೆಸರು ಕೆತ್ತಿದ ಹಲಗೆ, ಅದರ ಮೇಲೊಂದು ಬಟ್ಟೆ.

ದೊಡ್ಡಮ್ಮ ಸತ್ತ ಭಾಷೆಗಳನ್ನು ಓದಲು ಕಲಿತಾಗ ಅವಳ ಗುರುಗಳು, ಹೆಂಗಸರು ಲೈಬ್ರರಿಯಲ್ಲೇ ಅಗೆದರೆ ಸಾಕು ಎಂದಿದ್ದರಂತೆ. ಅವಳು ಉತ್ಖನನ ಶಿಬಿರಕ್ಕೆ ಹೋದಳು. ಗಂಡಸರು ಅಮೃತಶಿಲೆಯ ಕಂಬ, ದೇವತೆಗಳ ತಲೆ ಅಗೆದು ತೆಗೆಯುತ್ತಿದ್ದಾಗ ಅವಳಿಗೆ ಕೊಟ್ಟದ್ದು ಬಕೆಟ್ಟು, ಬ್ರಷ್ಷು ಮತ್ತು ಗುಡ್ಡೆ ಗುಡ್ಡೆ ಮಡಕೆ ಚೂರು. ಹನ್ನೊಂದು ವರ್ಷ ಚೂರು ತೊಳೆದಳು. ಬೆನ್ನ ಹಿಂದೆ ಎಲ್ಲರೂ 'ಬೋಕಿ ಮೇಡಂ' ಎನ್ನುತ್ತಿದ್ದರು. ಬೋಕಿ ಎಂದರೆ ಮಡಕೆ ಚೂರು. ಶಿಬಿರದ ಮುಖ್ಯಸ್ಥರು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ವರ್ಷ, ಬೇರೆ ಗತಿಯಿಲ್ಲದೆ ಊರಂಚಿನ ಒಂದು ಗುಂಡಿಯನ್ನು ಅವಳಿಗೆ ಒಪ್ಪಿಸಿದರು. ಅಲ್ಲಿ ಕಂಬವೂ ಇರಲಿಲ್ಲ, ದೇವತೆಯೂ ಇರಲಿಲ್ಲ. ಕುಂಬಾರರ ಕೇರಿ ಇತ್ತು.

ಅಲ್ಲಿ ಸಿಕ್ಕ ಹತ್ತು ಹಿಡಿಗಳ ಮೇಲೆ ಒಂದೇ ಹೆಬ್ಬೆರಳು. ಸುಟ್ಟಾಗ ಮಣ್ಣು ಎಷ್ಟು ಕುಗ್ಗುತ್ತದೆ ಎಂದು ಲೆಕ್ಕ ಹಾಕಿ ಅದು ಹೆಂಗಸಿನದು ಎಂದಳು. ಹನ್ನೊಂದನೆಯದು ಬೇರೆ ಬೆರಳು, ಅದಕ್ಕಿಂತ ಬಹಳ ಚಿಕ್ಕದು. ಒಬ್ಬ ತಾಯಿ, ಪಕ್ಕದಲ್ಲಿ ಕೂತು ಕಲಿಯುತ್ತಿದ್ದ ಮಗಳು. ಅವಳ ಪುಸ್ತಕದಲ್ಲಿ 'ಮಗಳು' ಎಂಬ ಅಧ್ಯಾಯ ಹನ್ನೆರಡೇ ಪುಟ. ಅದನ್ನು ಓದಿ ಅತ್ತವರ ಪತ್ರಗಳು ಅವಳ ಮನೆಯಲ್ಲಿ ಎರಡು ಪೆಟ್ಟಿಗೆ ತುಂಬ ಇವೆ. ಹಳೆಯ ಕಾಲದ ಕುಂಬಾರಿಕೆಯಲ್ಲಿ ಹೆಣ್ಣಿನ ಕೈಯೇ ಇರಲಿಲ್ಲ ಎನ್ನುತ್ತಿದ್ದ ದೊಡ್ಡ ದೊಡ್ಡವರ ಬಾಯಿ ಅಂದಿನಿಂದ ಬಂದ್.

ಈ ಒಂದು ಹಿಡಿ ಸುಳ್ಳಾದರೆ ಉಳಿದ ಹತ್ತನ್ನೂ ಯಾರೂ ನಂಬುವುದಿಲ್ಲ. ಎಪ್ಪತ್ತಾರನೇ ವಯಸ್ಸಿನಲ್ಲಿ ನಮ್ಮ ದೊಡ್ಡಮ್ಮ ಕಳ್ಳಿಯಾಗುತ್ತಾಳೆ.

"ಮಗುವಿನ ಬೆರಳೇ ಆಗ್ಬೇಕು ಅಂತಿಲ್ಲ," ಎಂದೆ. "ನೀರು ಜಾಸ್ತಿ ಇರೋ ಮಣ್ಣು ಜಾಸ್ತಿ ಕುಗ್ಗುತ್ತೆ ಅಲ್ವಾ? ಮೋಸ ಮಾಡೋನು ಅಂಥ ಮಣ್ಣಲ್ಲಿ ಒತ್ತಿದ್ರೆ ದೊಡ್ಡೋರ ಬೆರಳೂ ಚಿಕ್ಕದಾಗುತ್ತೆ."

"ಆಗುತ್ತೆ. ಆದ್ರೆ ಇದಕ್ಕೆ ಹುಟ್ಟಿದ ದಾಖಲೆ ಇದೆಯಲ್ಲ ಮೇಡಂ." ಅವರು ಹಿಡಿಯನ್ನು ತಿರುಗಿಸಿದರು.

ಒಳಮೈಯಲ್ಲಿ ಇರುವೆಯಷ್ಟು ಸಣ್ಣ ಅಂಕಿಗಳು. ಏಳನೇ ಗುಂಡಿ, ನಾಲ್ಕನೇ ಪದರ, ಇನ್ನೂರ ಹನ್ನೆರಡನೇ ವಸ್ತು. ಮೊದಲು ಒಂದು ಪಟ್ಟಿ ವಾರ್ನಿಷ್, ಅದರ ಮೇಲೆ ಕಪ್ಪು ಶಾಯಿ, ಮತ್ತೆ ವಾರ್ನಿಷ್. ನಾಲ್ಕಕ್ಕೆ ಮೇಲೆ ಬಾಯಿ ತೆರೆದಿತ್ತು, ಏಳಕ್ಕೆ ಸೊಂಟಪಟ್ಟಿ ಇತ್ತು. ದೊಡ್ಡಮ್ಮನ ಕೈಬರಹ. ನನ್ನ ಶಾಲೆಯ ಪುಸ್ತಕಗಳ ಮೇಲೆಲ್ಲ ಇದೇ ಏಳು, ಇದೇ ನಾಲ್ಕು.

"ರಿಜಿಸ್ಟರಿನ ಆ ಪುಟ ಕಾಪಿ ಮಾಡಿಸಿದೀನಿ," ಎಂದು ಅವರು ಒಂದು ಲಕೋಟೆ ಕೊಟ್ಟರು. ಅದನ್ನು ಬ್ಯಾಗಿಗೆ ಸೇರಿಸಿದೆ. ಅಲ್ಲೇ ಬಿಚ್ಚಿ ನೋಡುವ ಬುದ್ಧಿ ನನಗೆ ಬರಲಿಲ್ಲ.

*

ಗೆರೆಮಾಮನ ಮನೆ ಮೂರನೇ ಮಹಡಿ. ದೊಡ್ಡಮ್ಮನ ಶಿಬಿರದಲ್ಲಿ ಇಪ್ಪತ್ತಾರು ವರ್ಷ ಚೂರುಗಳ ಚಿತ್ರ ಬರೆದವರು ಅವರು. 'ಗೆರೆಮಾಮ' ನಾನೇ ಇಟ್ಟ ಹೆಸರು, ಎಂಟನೇ ವಯಸ್ಸಿನಲ್ಲಿ. ನನಗೆ ಈಗ ನಲವತ್ತೆರಡು, ಹೆಸರು ಇನ್ನೂ ಸವೆದಿಲ್ಲ.

ಬಾಗಿಲು ತೆರೆದವರೇ, "ಬಾ ಕಡ್ಡಿ," ಎಂದರು. ಇದು ಅವರು ನನಗೆ ಇಟ್ಟ ಹೆಸರು. ನಾನು ಕಡ್ಡಿಯಾಗಿ ಉಳಿದಿಲ್ಲ, ಅದು ಬೇರೆ ವಿಷಯ.

ಮಧ್ಯಾಹ್ನದ ಬೆಳಕು ಪರದೆಯಿಂದ ಸೋಸಿ ಬರುತ್ತಿತ್ತು. ಒಳಕೋಣೆಯಲ್ಲಿ ಅವರ ಹೆಂಡತಿಯ ಹೊಲಿಗೆ ಯಂತ್ರ ಸ್ವಲ್ಪ ದೂರ ಓಡಿ, ನಿಂತು, ಮತ್ತೆ ಓಡುತ್ತಿತ್ತು. ಗೋಡೆಯ ತುಂಬ ಮಡಕೆಗಳ ಚಿತ್ರ. ಪ್ರತಿಯೊಂದರಲ್ಲೂ ಎಡ ಅರ್ಧ ಕೊಯ್ದು ತೋರಿಸಿದ ಹೋಳು, ಬಲ ಅರ್ಧ ಹೊರಮೈ. ಅದೇ ಅವರ ವೃತ್ತಿಯ ಪದ್ಧತಿ. ಆ ಕುರ್ಚಿಯಲ್ಲಿ ಕೂತರೆ ಯಾರಿಗಾದರೂ ಕಣ್ಣು ಮುಚ್ಚಬೇಕು ಅನ್ನಿಸುತ್ತದೆ.

"ಮಾಮ, ಶಿಬಿರದಲ್ಲಿ ಯಾರಾದ್ರೂ ಹೊಸದಾಗಿ ಮಡಕೆ ಮಾಡಿ ಸುಟ್ಟಿದ್ರಾ?"

"ಯಾರಾದ್ರೂ ಏನು? ನಿನ್ನ ದೊಡ್ಡಮ್ಮಂಗೆ ಒಂದು ವರ್ಷ ಅದೇ ಹುಚ್ಚು. ಹಳಬರು ಹೇಗೆ ಸುಡ್ತಿದ್ರು ಅಂತ ನೋಡ್ಬೇಕು ಅಂತ, ಅವರ ಥರಾನೇ ಮಡಕೆ ಸುಡೋ ಒಂದು ಆವಿಗೆ ಕಟ್ಟಿಸಿದಳು. ಅದೇ ದಿಬ್ಬದ ಮಣ್ಣು, ಅದೇ ಸೌದೆ. ಹತ್ತೊಂಬತ್ತು ಜಾಡಿ ಸುಟ್ವಿ."

"ಹಳೇ ಚೂರಿನ ಜೊತೆ ಕಲೀಬಾರದು ಅಂತ ಗುರುತು ಹಾಕಿರ್ಬೇಕಲ್ಲ?"

"ಹಾಕದೆ ಬಿಡ್ತೀವಾ? ಹಸಿ ಇದ್ದಾಗ್ಲೇ ಪ್ರತಿ ಜಾಡಿ ಬುಡದಲ್ಲೂ ಮೊಳೆಯಿಂದ ಒಂದು ಅಡ್ಡಗೆರೆ ಉದ್ದಗೆರೆ."

"ಹಿಡಿಗೆ?"

ಅವರು ಕನ್ನಡಕ ತೆಗೆದರು. ಬಹಳ ಹೊತ್ತು ಅದನ್ನು ಅಂಗಿಯ ತುದಿಯಿಂದ ಒರೆಸಿದರು. ಒಳಗೆ ಯಂತ್ರ ಒಂದು ಉದ್ದದ ಹೊಲಿಗೆ ಮುಗಿಸಿ ನಿಂತಿತು.

"ಹಿಡಿಗೆ ಹಾಕ್ಲಿಲ್ಲ," ಎಂದರು. "ಒಡೆದ ಮಡಕೆ ನೋಡ್ಕೊಂಡೇ ಅನ್ನ ತಿಂದ ಜನ ನಾವು. ನಾವು ಮಾಡಿದ ಮಡಕೆ ಮಾತ್ರ ಒಡೆಯಲ್ಲ ಅಂದ್ಕೊಂಡ್ವಿ ನೋಡು."

ಜಾಡಿ ಒಡೆದಿರಬೇಕು. ಬುಡ ಗುರುತಿನ ಸಮೇತ ಒಂದು ಕಡೆ ಹೋಗಿ, ಗುರುತಿಲ್ಲದ ಹಿಡಿ ಇನ್ನೊಂದು ಕಡೆ ಉಳಿದಿರಬೇಕು. ಅದೇ ಮಣ್ಣು, ಅದೇ ಬೆಂಕಿ. ಕಣ್ಣಿಗೆ ವ್ಯತ್ಯಾಸ ಸಿಗುವುದಾದರೂ ಹೇಗೆ?

"ಆ ವರ್ಷ ಶಿಬಿರದಲ್ಲಿ ಎಷ್ಟು ಜನ ಇದ್ರಿ?"

"ಹನ್ನೆರಡು. ಈಗ ಉಳಿದಿರೋದು ಮೂರೇ. ನಿನ್ನ ದೊಡ್ಡಮ್ಮ, ನಾನು, ಆಮೇಲೆ ಆಗ ವಿದ್ಯಾರ್ಥಿಯಾಗಿದ್ದ ನಿಮ್ಮ ಕ್ಯುರೇಟರು."

"ಹಾಗಾದ್ರೆ ನಿಮ್ಮ ಹೆಬ್ಬೆರಳು ಕೊಡಿ ಮಾಮ."

ಅವರು ಮರುಮಾತಾಡದೆ ಕೊಟ್ಟರು. ಐವತ್ತು ವರ್ಷ ಪೆನ್ಸಿಲ್ ಹಿಡಿದು ಗೆರೆ ಸವೆದ ಬೆರಳು. ಹಿಡಿಯ ಫೋಟೋ ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಸುಳಿ ಇತ್ತು, ಆದರೆ ಎಡಕ್ಕೆ ತಿರುಗಿದ್ದು. ಪಕ್ಕದ ಎರಡು ತುಣುಕು ಇರಲಿಲ್ಲ.

"ನೀವೂ ಅಲ್ಲ," ಎಂದೆ. ಸಮಾಧಾನವೂ ಆಯಿತು, ಸಿಟ್ಟೂ ಬಂತು. "ಮೂರು ಜನಾನೂ ಅಲ್ಲ. ಬೆರಳಿನವರು ಬದುಕಿದ್ದಾರೆ ಅಂತ ಬರೆದಿದೆ. ಮತ್ತೆ ಯಾರು ಬದುಕಿರೋದು?"

ಗೆರೆಮಾಮ ಶಾಯಿ ಪ್ಯಾಡನ್ನು ಒಂದು ಬೆರಳಿನಿಂದ ಮೇಜಿನ ಮೇಲೆ ನನ್ನ ಕಡೆಗೆ ಮೆಲ್ಲಗೆ ದೂಡಿದರು.

ನಮ್ಮ ಘಟಕಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಒಂದೇ. ಯಾವ ಜಾಗಕ್ಕೆ ಹೋದರೂ ಮೊದಲು ನಿಮ್ಮ ಬೆರಳನ್ನು ಪಟ್ಟಿಯಿಂದ ತೆಗೆಯಿರಿ, ಆಮೇಲೆ ಕಳ್ಳನದನ್ನು ಹುಡುಕಿ. ಆ ಪಾಠ ನಾನೇ ಹೇಳಿಕೊಡುತ್ತೇನೆ. ಎರಡೂವರೆ ಸಾವಿರ ವರ್ಷದ ಹಿಡಿಯ ಮುಂದೆ ನನಗದು ನೆನಪಿಗೇ ಬಂದಿರಲಿಲ್ಲ. ಎಲ್ಲರನ್ನೂ ಎಣಿಸಿ ತನ್ನನ್ನೇ ಬಿಟ್ಟವನ ಕಥೆ ಕೇಳಿ ನಾವೆಲ್ಲ ಚಿಕ್ಕಂದಿನಲ್ಲಿ ನಕ್ಕವರೇ.

ಬಲಗೈ ಹೆಬ್ಬೆರಳನ್ನು ಉರುಳಿಸಿ ಒತ್ತಿದೆ.

ಬೆರಳು ಬೆಳೆಯುತ್ತದೆ, ದಪ್ಪವಾಗುತ್ತದೆ, ಗೆರೆಗಳು ದೂರವಾಗುತ್ತವೆ. ಆದರೆ ಯಾವ ಗೆರೆ ಎಲ್ಲಿ ಕವಲೊಡೆಯಿತೋ, ಎಲ್ಲಿ ನಿಂತಿತೋ ಅದು ಹುಟ್ಟಿದಾಗಿನಿಂದ ಸಾಯುವ ತನಕ ಅಲುಗುವುದಿಲ್ಲ. ಬಿಗಿಯಾದ ಸುಳಿ. ಬಲಕ್ಕೆ ಎರಡು ತುಣುಕು. ಅದರ ಕೆಳಗೆ ಒಂದು ಗೆರೆ ಎರಡಾಗಿ ಮತ್ತೆ ಒಂದಾಗುವ ಕಡೆ. ನಾಲ್ಕು, ಐದು, ಆರು. ಹನ್ನೆರಡು ಕಡೆ ಹೊಂದಿದರೆ ನ್ಯಾಯಾಲಯಕ್ಕೆ ಸಾಕು. ಹದಿನಾಲ್ಕಕ್ಕೆ ಎಣಿಸುವುದನ್ನು ಬಿಟ್ಟೆ.

ಎಣಿಸುವುದನ್ನು ಬಿಟ್ಟಮೇಲೆ ಆ ಮಧ್ಯಾಹ್ನ ತಾನಾಗಿ ಬಂತು. ಬಿಳಿ ಗುಡಾರ, ಬಿಸಿಲಿಗೆ ಹಳದಿಯಾದ ಅದರ ಬಟ್ಟೆ, ಒಳಗೆ ಒದ್ದೆ ಮಣ್ಣಿನ ತಂಪು ವಾಸನೆ. ಎಲ್ಲರೂ ಊಟ ಮುಗಿಸಿ ಮಲಗಿದ್ದಾರೆ. ಹಲಗೆಯ ಮೇಲೆ ಜಾಡಿಗಳು ಸಾಲಾಗಿ ನಿಂತಿವೆ, ಒಂದರ ಹಿಡಿ ಸಡಿಲವಾಗಿ ವಾಲಿದೆ. ನಾನು ಮರದ ಪೆಟ್ಟಿಗೆ ಹತ್ತಿ ನಿಂತು ಅದನ್ನು ಅದರ ಜಾಗಕ್ಕೆ ಒತ್ತುತ್ತಿದ್ದೇನೆ. ಮಣ್ಣು ಮೊದಲು ತಣ್ಣಗಿದ್ದು ಆಮೇಲೆ ನನ್ನ ಬೆರಳಷ್ಟೇ ಬೆಚ್ಚಗಾಗುತ್ತದೆ. ಎಲ್ಲಿಯೋ ಯಾರೋ ನೀರು ಸುರಿಯುತ್ತಿದ್ದಾರೆ. ಅಮ್ಮನಿಗೆ ಹುಷಾರಿಲ್ಲ, ಸ್ವಲ್ಪ ದಿನ ದೊಡ್ಡಮ್ಮನ ಜೊತೆ ಇರು ಅಂದಿದ್ದಾರೆ, ನಾನು ಇದ್ದೇನೆ.

ಇಷ್ಟು ವರ್ಷ ಅದನ್ನು ಕನಸು ಅಂದುಕೊಂಡಿದ್ದೆ. ಆ ಪುಸ್ತಕದ 'ಮಗಳು' ಅಧ್ಯಾಯ ಓದಿದಾಗಲೆಲ್ಲ ಆ ಪುರಾತನ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವಳ ಪಕ್ಕದಲ್ಲಿ ತಾಯಿ ಇದ್ದಳಲ್ಲ ಅಂತ. ಗೆರೆಮಾಮನ ಮುಂದೆ ಕೂತು ಎಂಟು ವರ್ಷದವಳ ಹಾಗೆ ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಅವರು ಒಂದು ಲೋಟ ನೀರು ತಂದಿಟ್ಟರು. ಕುಡಿದು ತಲೆ ಎತ್ತಿದಾಗ ಎದುರಿನ ಚಿತ್ರದ ಕೆಳಗೆ ಬರೆದ ಅಕ್ಷರ ಕಂಡಿತು. ಅಡ್ಡಗೆರೆ ಹಾಕಿಕೊಂಡು ಅದರ ಮೇಲೆ ನಿಲ್ಲಿಸಿದಂಥ ಒಂದೇ ಎತ್ತರದ ಅಕ್ಷರ. ಹತ್ತು ದಿನದಿಂದ ಅದೇ ಅಕ್ಷರ ನನ್ನ ಬ್ಯಾಗಿನಲ್ಲಿತ್ತು.

"ಸಮಿತಿಗೆ ಆ ಕಾಗದ ಬರೆದದ್ದು ನೀವು," ಎಂದೆ.

"ಅಕ್ಷರ ನನ್ನದು."

"ಅಂದ್ರೆ?"

"ಮಾತು ನನ್ನದಲ್ಲಮ್ಮ. ಹೇಳಿ ಬರೆಸಿದೋಳು ನಿನ್ನ ದೊಡ್ಡಮ್ಮ."

*

ದೊಡ್ಡಮ್ಮ ಜಗಲಿಯಲ್ಲಿ ಕೂತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದು ಹೂಕುಂಡದ ಚೂರನ್ನು ತೊಳೆಯುತ್ತಿದ್ದಳು. ಹೂಕುಂಡ ಹೋದ ವಾರ ಅವಳೇ ಒಡೆದದ್ದು. ಒಡೆದದ್ದನ್ನು ಎಸೆಯುವುದು ಅವಳಿಂದಾಗದು. ಸಂಜೆಯ ಬಿಸಿಲು ಮೆಟ್ಟಿಲಿಳಿದು ಅಂಗಳದ ಅರ್ಧಕ್ಕೆ ಬಂದಿತ್ತು.

ನನ್ನ ಮುಖ ನೋಡಿ ಬ್ರಷ್ ಕೆಳಗಿಟ್ಟಳು.

"ಸಿಕ್ಕಿತಾ?"

"ನಿನಗೆ ಮೊದಲೇ ಗೊತ್ತಿತ್ತು."

"ಕೂತ್ಕೋ."

"ಕೂರಲ್ಲ. ನಿನಗೆ ಗೊತ್ತಿತ್ತು, ನಿನ್ನೆ ನನ್ನ ಮುಂದೆ ಹತ್ತು ಬೆರಳು ಚಾಚಿ ಕೂತ್ಕೊಂಡೆ. ತಮಾಷೆ ಬೇರೆ ಮಾಡಿದೆ. ನಾನು ಹತ್ತು ದಿನದಿಂದ ನಿದ್ದೆ ಬಿಟ್ಟು ನಿನ್ನ ಹೆಸರು ಉಳಿಸೋಕೆ ಒದ್ದಾಡ್ತಾ ಇದೀನಿ ದೊಡ್ಡಮ್ಮ."

"ನನ್ನ ಹೆಸರು ಉಳಿಸು ಅಂತ ನಿನಗೆ ಯಾರೇ ಹೇಳಿದ್ದು? ಬೆರಳು ನೋಡು ಅಂದಿದ್ದೆ, ಅಷ್ಟೆ."

ಅವಳ ಈ ಮಾತಿನ ವರಸೆ ನನಗೆ ಹೊಸದಲ್ಲ. ಕೂತೆ. ಅವಳು ಸೀರೆಯ ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದಳು. ಮೂರು ತಿಂಗಳ ಹಿಂದೆ ಅಡುಗೆಮನೆ ಕಿಟಕಿಯ ಗಾಜು ಒಡೆದಾಗ ಹೊಸ ಗಾಜು ಕೂರಿಸಿ ಸುತ್ತಲೂ ಪುಟ್ಟಿ ಮೆತ್ತಿದ್ದು ನಾನು. ಅದು ಒಣಗಿತು. ಒಂದು ಬೆಳಗ್ಗೆ ಅವಳು ಹಾಲು ಉಕ್ಕುವುದನ್ನು ಕಾಯುತ್ತ ಸುಮ್ಮನೆ ಕಿಟಕಿ ಕಡೆ ನೋಡಿದಳು. ಬಿಸಿಲು ಪಕ್ಕದಿಂದ ಬೀಳುತ್ತಿತ್ತು. ಪುಟ್ಟಿಯ ಮೇಲೆ ಸುಳಿ, ಸುಳಿಯ ಬಲಕ್ಕೆ ಎರಡು ತುಣುಕು.

"ಹಾಲು ಉಕ್ಕಿ ಒಲೆಯೆಲ್ಲ ಆಯ್ತು," ಎಂದಳು. "ಮೂವತ್ತ್ನಾಲ್ಕು ವರ್ಷ ಆ ಬೆರಳನ್ನ ನೋಡಿದೀನಿ ಕಣೇ. ನನ್ನ ಮುಖ ಮರೆತೋದ್ರೂ ಅದನ್ನ ಮರೆಯಲ್ಲ. ನಮ್ಮನೇಲೇ ಓಡಾಡ್ಕೊಂಡಿದೆ, ನನಗೇ ಗೊತ್ತಾಗಿಲ್ಲ."

"ನನಗೆ ನೇರವಾಗಿ ಹೇಳ್ಬೋದಿತ್ತಲ್ಲ."

"ಹೇಳಿದ್ರೆ ನೀನು ಮುಚ್ಚಿಡ್ತಿದ್ದೆ."

ಮುಚ್ಚಿಡುತ್ತಿದ್ದೆ. ಅವಳು ತೊಳೆದ ಚೂರನ್ನು ಬಿಸಿಲಿಗೆ ಇಟ್ಟಳು.

"ಸಮಿತಿಗೆ ನಾನೇ ಹೋಗಿ ಹೇಳಿದ್ರೆ, ಮುದುಕಿಗೆ ಅರಳುಮರಳು ಅಂತ ನನ್ನ ಶಿಷ್ಯ, ಆ ಕ್ಯುರೇಟರ್, ಕಾರಲ್ಲಿ ಕೂರಿಸಿ ಮನೆಗೆ ಕಳಿಸ್ತಿದ್ದ. ಗ್ಯಾಲರಿ ಮೇಲೆ ಅವನಿಗೆ ಅಷ್ಟು ಆಸೆ. ಕಾಗದ ಹೋದ್ರೆ ತನಿಖೆ ಆಗ್ಲೇಬೇಕು. ಬೆರಳು ನಿನ್ನದು ಅಂತ ನೀನೇ ಬರೆದು ಸಹಿ ಹಾಕಿದ್ರೆ ಯಾರೂ ಅಲ್ಲ ಅನ್ನೋ ಹಾಗಿಲ್ಲ. ಹನ್ನೊಂದನೇದು ಕೈತಪ್ಪಿ ಬಂದದ್ದು, ಒಪ್ಕೊಂಡ್ರು, ಅಂತ ಆಗುತ್ತೆ. ಆಗ ಉಳಿದ ಹತ್ತು ಉಳಿಯುತ್ತೆ. ನನಗೆ ಆ ಹತ್ತು ಉಳಿದ್ರೆ ಸಾಕು. ಆ ತಾಯಿ ಇದ್ದಳು ಕಣೇ. ಅವಳು ನಿಜ."

ಹನ್ನೆರಡು ಪುಟದ ಆ ಮಗಳನ್ನು ತಾನೇ ಅಳಿಸಿಹಾಕಲು ಮೂರು ತಿಂಗಳಿಂದ ತಯಾರಿ ನಡೆಸಿದ್ದಳು ಈ ಹೆಂಗಸು, ಯಾರಿಗೂ ಹೇಳದೆ. ನನಗೆ ಅವಳ ಮೇಲಿದ್ದ ಕೋಪವೆಲ್ಲ ಎಲ್ಲಿ ಹೋಯಿತೋ. ಅವಳ ಕೈಯನ್ನು ಹಿಡಿದುಕೊಂಡೆ.

ಆದರೆ ಹದಿನೆಂಟು ವರ್ಷದ ಚಾಳಿ ಸುಮ್ಮನಿರಬೇಕಲ್ಲ.

"ಕೈತಪ್ಪಿ ಬಂದದ್ದು ಅಂದ್ಯಲ್ಲ," ಎಂದೆ. "ಚೂರು ಕೈತಪ್ಪಿ ಬುಟ್ಟಿಗೆ ಬೀಳ್ಬೋದು. ಆದ್ರೆ ಅದಕ್ಕೆ ಗುಂಡಿ, ಪದರ, ಸಂಖ್ಯೆ ಯಾರು ಕೊಟ್ರು? ನಾಲ್ಕನೇ ಪದರದಿಂದ ಬಂತು ಅಂತ ಯಾರೋ ಬರೀಬೇಕಲ್ಲ. ಹಿಡಿ ಮೇಲಿರೋದು ನಿನ್ನ ಅಕ್ಷರ ದೊಡ್ಡಮ್ಮ."

"ನನ್ನದೇ ಇರ್ಬೇಕು. ಸಾವಿರಾರು ಚೂರಿಗೆ ಬರೆದಿದೀನಿ. ಬುಟ್ಟಿಯಲ್ಲಿತ್ತು, ಬರೆದಿರ್ತೀನಿ."

"ರಿಜಿಸ್ಟರಲ್ಲೂ ನೀನೇ ಬರೆದಿದೀಯಾ?"

"ನಾನಲ್ದೆ ಆ ಪುಸ್ತಕ ಯಾರೂ ಮುಟ್ತಿರ್ಲಿಲ್ಲ."

ಲಕೋಟೆಯನ್ನು ಆಗ ಬಿಚ್ಚಿದೆ. ಕಾಪಿ ಮಾಡಿದ ಪುಟವನ್ನು ಇಬ್ಬರ ಮೊಣಕಾಲಿನ ಮೇಲೆ ಹರಡಿಕೊಂಡೆವು. ಇನ್ನೂರ ಹನ್ನೆರಡನೇ ಸಾಲು ಪುಟದ ಕೆಳತುದಿಯಲ್ಲಿತ್ತು. ಬಾಯಿ ತೆರೆದ ನಾಲ್ಕು, ಸೊಂಟಪಟ್ಟಿಯ ಏಳು. 'ಜಾಡಿಯ ಹಿಡಿ, ಬೆರಳ ಗುರುತು ಇದೆ.' ಎಡಗಡೆಯ ಕಿರಿದಾದ ಅಂಕಣದಲ್ಲಿ, ವಸ್ತು ಸಿಕ್ಕಿ ದಾಖಲಾದ ದಿನ.

ತಾರೀಕು ಹದಿನಾಲ್ಕು.

ನಮ್ಮ ಮನೆಯಲ್ಲಿ ಆ ತಿಂಗಳ ಹದಿನಾಲ್ಕನ್ನು ಯಾರೂ ಕ್ಯಾಲೆಂಡರ್ ನೋಡಿ ತಿಳಿದುಕೊಳ್ಳಬೇಕಿಲ್ಲ. ಅಮ್ಮ ಹೋದ ದಿನ. ಶಿಬಿರದಿಂದ ಆರು ಗಂಟೆ ರೈಲಿನ ದಾರಿ, ಆಸ್ಪತ್ರೆಯ ಹೆಂಗಸರ ವಾರ್ಡು. ನನ್ನನ್ನು ಯಾರೂ ಕರೆದುಕೊಂಡು ಹೋಗಲಿಲ್ಲ. ಎರಡು ದಿನ ಬಿಟ್ಟು ದೊಡ್ಡಮ್ಮ ಹಿಂದಿರುಗಿ ಬಂದು, ಗುಡಾರದ ಬಾಗಿಲಲ್ಲಿ ನಿಂತು ನನಗೆ ಹೇಳಿದಳು.

ದೊಡ್ಡಮ್ಮ ಕಾಗದವನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು. ಅಷ್ಟು ವರ್ಷಗಳಲ್ಲಿ ಎಷ್ಟು ಸಲ ಆ ಸಾಲು ನೋಡಿರಬೇಡ. ಪುಸ್ತಕಕ್ಕೆ ಬೇಕಾದದ್ದು ಸಂಖ್ಯೆ, ಪದರ. ತಾರೀಕು ಯಾರಿಗೆ ಬೇಕಿತ್ತು?

"ಇದು ನನ್ನ ಅಕ್ಷರ," ಎಂದಳು ಬಹಳ ನಿಧಾನವಾಗಿ. "ಆದ್ರೆ ನಾನು ಬರೆದದ್ದಲ್ಲ. ಅವತ್ತು ನಾನು ಆಸ್ಪತ್ರೆಲಿದ್ದೆ, ಯಾರೋ ನನ್ನ ಹಾಗೇ ಬರೆದಿದಾರೆ."

ಅಂಗಳದ ಬಿಸಿಲು ಗೋಡೆಗೆ ಹತ್ತಿತ್ತು. ನನಗೆ ವರದಿ ಕಣ್ಣ ಮುಂದೆ ಬಂತು. ಬೆರಳು ಮಗಳಂತೆ ಸಾಕಿದ ತಂಗಿಯ ಮಗಳದು, ಸಂಖ್ಯೆಯ ಅಕ್ಷರ ಪ್ರೊಫೆಸರದು. ಸೋಮವಾರ ಇಷ್ಟನ್ನೇ ಓದಿದ ಸಮಿತಿ ಇದನ್ನು ಕೈತಪ್ಪು ಎನ್ನುವುದಿಲ್ಲ. ಮಗುವಿನ ಕೈಯಲ್ಲಿ ಮಣ್ಣು ಒತ್ತಿಸಿ, ಸುಟ್ಟು, ತಾನೇ ಸಂಖ್ಯೆ ಬರೆದಳು ಎನ್ನುತ್ತದೆ. ಹತ್ತು ಹಿಡಿಯ ಆ ತಾಯಿಯೂ ಅವತ್ತೇ ಮುಗಿಯುತ್ತಾಳೆ.

"ಆ ದಿನ ನೀನು ಶಿಬಿರದಲ್ಲಿ ಇರಲಿಲ್ಲ ಅಂತ ತೋರಿಸಿದ್ರೆ ಸಾಕು," ಎಂದೆ. "ರೈಲು ಟಿಕೆಟ್ಟು, ಒಂದು ಕಾಗದ, ಏನಾದ್ರೂ. ನಿನ್ನನ್ನ ಅಲ್ಲಿ ಯಾರು ನೋಡಿದ್ರು ದೊಡ್ಡಮ್ಮ? ಡಾಕ್ಟರು? ನರ್ಸು?"

"ವಾರ್ಡಿಗೆ ಬಿಡೋ ಹೊತ್ತಲ್ಲ ಅದು. ಹಿಂಬಾಗಿಲಿಂದ ಹೋಗಿದ್ದೆ. ಎಲ್ಲೂ ಹೆಸರು ಬರೆಸ್ಲಿಲ್ಲ."

"ಒಬ್ಬರಾದ್ರೂ?"

ದೊಡ್ಡಮ್ಮ ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟಳು.

"ಒಬ್ಬಳು ನೋಡಿದಳು ಕಣೇ," ಎಂದಳು. "ಅವಳ ತಲೆ ನನ್ನ ತೊಡೆ ಮೇಲಿತ್ತು."